ಕ್ರೀಡಾಪಟು, ಕೋಚ್‌ಗಳ ಉದ್ಯೋಗ ವೀಸಾ: ಪರೀಕ್ಷಾ ಟಿಪ್ಪಣಿ

ಪ್ರಸಂಗ: 2009ರಲ್ಲಿ ಭಾರತದ ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜತೆ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆದರೆ ಫಿಫಾ ರ‍್ಯಾಂಕಿಂಗ್‌ನ ಮೊದಲ 70ರಲ್ಲಿ ಭಾರತ ಇಲ್ಲವೆಂದು ಬ್ರಿಟನ್ ವರ್ಕ್ ಪರ್ಮಿಟ್ ನಿರಾಕರಿಸಿತು. 2010ರಲ್ಲಿ ಅವರು ಅಮೆರಿಕದ ಕ್ಯಾನ್ಸಸ್ ಸಿಟಿ ವಿಝರ್ಡ್ಸ್ ಸೇರಿದರು. 2013ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು.

ಮುಖ್ಯಾಂಶಗಳು
• ಬ್ರಿಟನ್: ಇಂಟರ್‌ನ್ಯಾಷನಲ್ ಸ್ಪೋರ್ಟ್ಸ್‌ಪರ್ಸನ್ ವೀಸಾ, ಜಾರಿ 2021ರ ಅಕ್ಟೋಬರ್. ಆಟಗಾರ, ಕೋಚ್ ಇಬ್ಬರಿಗೂ ಅನ್ವಯ. ಪ್ರಾಯೋಜಕರ ಜತೆಗೆ ಆಯಾ ಕ್ರೀಡಾ ಆಡಳಿತ ಸಂಸ್ಥೆಯ ಅನುಮೋದನೆಯೂ ಕಡ್ಡಾಯ.
• ಅಮೆರಿಕ: ‘ಪಿ-1ಎ’ ಅಂತರರಾಷ್ಟ್ರೀಯ ಮನ್ನಣೆಯ ಕ್ರೀಡಾಪಟುಗಳಿಗೆ, ‘ಓ-1ಎ’ ಅಸಾಧಾರಣ ಸಾಮರ್ಥ್ಯದವರಿಗೆ; ಇದಕ್ಕೆ ಕೋಚ್‌ಗಳೂ ಅರ್ಹರು.
• ಭಾರತ: ಇಲ್ಲಿಗೆ ಬರುವ ವಿದೇಶಿ ಕೋಚ್, ಗುತ್ತಿಗೆ ಆಟಗಾರರಿಗೆ ಎಂಪ್ಲಾಯ್‌ಮೆಂಟ್ ವೀಸಾ.

ಗಡಿನಾಡಿನ ವಿದೇಶಿ ಕ್ರೀಡಾ ನಂಟು: ಕರ್ನಾಟಕದ ಗಡಿಗೆ ಹೊಂದಿದ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ ಬಾರ್ಸಿಲೋನಾದ ವಿನ್ಸೆಂಟ್ ಫೆರರ್ 1969ರಲ್ಲಿ ಗ್ರಾಮೀಣಾಭಿವೃದ್ಧಿ ಟ್ರಸ್ಟ್ (ಆರ್‌ಡಿಟಿ) ಕಟ್ಟಿದರು. ಇದರ ಸಹಯೋಗದಲ್ಲಿ ರಫೆಲ್ ನಡಾಲ್ ಪ್ರತಿಷ್ಠಾನದ ಟೆನಿಸ್ ಶಾಲೆ 2010ರಲ್ಲಿ ಅನಂತಪುರದಲ್ಲಿ ಶುರುವಾಯಿತು.

ಮಾದರಿ ಪ್ರಶ್ನೆ: ‘ಪಿ-1ಎ’ ವೀಸಾ ಯಾವ ದೇಶದ್ದು?
ಉತ್ತರ: ಅಮೆರಿಕ.