ಕಾರು ಮಾತು ನಿಲ್ಲಿಸಿದಾಗ: ಮೊದಲು ಅಳತೆ, ಆಮೇಲೆ ಖರ್ಚು



ಕಾಮರ್ಸ್ ಹುಡುಗನಿಗೆ ಕಾರಿನ ವೈರ್ ವಿಷಯ ಏಕೆ ಎಂದು ನೀವು ಕೇಳಬಹುದು. ತಿ. ನರಸೀಪುರದಲ್ಲಿ ನನ್ನ ಮಾಮು ಆಟೋ ಎಲೆಕ್ಟ್ರಿಷಿಯನ್. ರಜೆಯಲ್ಲಿ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಅವರ ಅಂಗಡಿಯ ಲೆಕ್ಕ ಬರೆಯುತ್ತೇನೆ. ಅಲ್ಲಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಎರಡು ವೈರ್‌ಗಳ ಮಾತುಕತೆ

ಇಂದಿನ ಕಾರಿನಲ್ಲಿ ಎಂಜಿನ್, ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್ ಒಂದೊಂದಕ್ಕೂ ಒಂದು ಚಿಕ್ಕ ಕಂಪ್ಯೂಟರ್ ಇರುತ್ತದೆ. ಅದಕ್ಕೆ ಮಾಡ್ಯೂಲ್ ಎನ್ನುತ್ತಾರೆ. ಇವೆಲ್ಲ ಒಂದೇ ಜೋಡಿ ವೈರ್ ಮೇಲೆ ಮಾತಾಡಿಕೊಳ್ಳುತ್ತವೆ. ಈ ವ್ಯವಸ್ಥೆಯ ಹೆಸರು ಕ್ಯಾನ್. ಜರ್ಮನಿಯ ಬಾಷ್ ಕಂಪನಿ ಇದನ್ನು 1986ರಲ್ಲಿ ಪ್ರಕಟಿಸಿತು.

ಒಂದು ವೈರ್ ಕ್ಯಾನ್ ಹೈ, ಇನ್ನೊಂದು ಕ್ಯಾನ್ ಲೋ. ಸುಮ್ಮನಿರುವಾಗ ಎರಡರಲ್ಲೂ ಸುಮಾರು 2.5 ವೋಲ್ಟ್. ಸಂದೇಶ ಹೋಗುವಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಮಾಡ್ಯೂಲ್ ನೋಡುವುದು ಇವೆರಡರ ವ್ಯತ್ಯಾಸವನ್ನು ಮಾತ್ರ. ಎರಡನ್ನೂ ಜಡೆಯಂತೆ ಹೆಣೆದಿರುವುದರಿಂದ ಹೊರಗಿನ ಅಡಚಣೆ ಎರಡಕ್ಕೂ ಸಮನಾಗಿ ತಟ್ಟುತ್ತದೆ, ವ್ಯತ್ಯಾಸ ಕೆಡುವುದಿಲ್ಲ.

ಸಾಲಿನ ಎರಡು ತುದಿಯಲ್ಲೂ 120 ಓಮ್‌ನ ಒಂದೊಂದು ರೋಧಕ ಇರುತ್ತದೆ. ಹತ್ತನೇ ತರಗತಿಯ ಸಮಾಂತರ ಜೋಡಣೆ ನೆನಪಿದೆಯಲ್ಲ? 120 ಮತ್ತು 120 ಸಮಾಂತರವಾದರೆ 60. ಈ 60 ಎಂಬ ಸಂಖ್ಯೆಯೇ ಪರೀಕ್ಷೆಯ ಬೀಗದ ಕೈ.

ಪರೀಕ್ಷೆಯ ಕ್ರಮ

1. ಮೊದಲು ಬ್ಯಾಟರಿ, ಫ್ಯೂಸ್, ಅರ್ತ್ ನೋಡಬೇಕು. ಬ್ಯಾಟರಿ ಇಳಿದಿದ್ದರೂ ಮಾಡ್ಯೂಲ್‌ಗಳು ಮಾತು ನಿಲ್ಲಿಸುತ್ತವೆ.

2. ಸ್ಕ್ಯಾನರ್ ಹಾಕಿ ಯಾರು ಉತ್ತರಿಸುತ್ತಾರೆ, ಯಾರು ಇಲ್ಲ ಎಂದು ಪಟ್ಟಿ ಮಾಡಬೇಕು. ಒಂದೇ ಮಾಡ್ಯೂಲ್ ಮೌನವಾಗಿದ್ದರೆ ಅದರ ಕರೆಂಟ್ ಅಥವಾ ಕವಲು ವೈರ್ ನೋಡಿ. ಎಲ್ಲವೂ ಮೌನವಾಗಿದ್ದರೆ ಮುಖ್ಯ ಸಾಲಿನ ಮೇಲೆ ಅನುಮಾನ.

3. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೆಲವು ನಿಮಿಷ ಕಾದು, ಸ್ಟಿಯರಿಂಗ್ ಕೆಳಗಿನ 16 ಪಿನ್ ಸಾಕೆಟ್‌ನಲ್ಲಿ 6 ಮತ್ತು 14ನೇ ಪಿನ್‌ಗಳ ನಡುವೆ ಓಮ್ ಅಳೆಯಬೇಕು. ಸುಮಾರು 60 ಬಂದರೆ ಸಾಲು ಸಾಮಾನ್ಯವಾಗಿ ತುಂಡಾಗಿಲ್ಲ. 120 ಬಂದರೆ ಒಂದು ತುದಿ ಸಂಪರ್ಕ ಕಳೆದುಕೊಂಡಿದೆ. ಸೊನ್ನೆಯ ಹತ್ತಿರ ಬಂದರೆ ಹೈ ಮತ್ತು ಲೋ ಒಂದಕ್ಕೊಂದು ತಾಗಿವೆ. ಕೆಲವು ಕಾರುಗಳಲ್ಲಿ ಸಾಕೆಟ್ ಮತ್ತು ಸಾಲಿನ ನಡುವೆ ಗೇಟ್‌ವೇ ಮಾಡ್ಯೂಲ್ ಇರುತ್ತದೆ. ಅಲ್ಲಿ ಗೇಟ್‌ವೇ ಬಳಿಯೇ ಅಳೆಯಬೇಕು.

4. ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ, ಪ್ರತಿ ವೈರ್‌ನ ವೋಲ್ಟ್ ನೋಡಬೇಕು. ಹೈ 2.5ಕ್ಕಿಂತ ಸ್ವಲ್ಪ ಮೇಲೆ, ಲೋ ಸ್ವಲ್ಪ ಕೆಳಗೆ ಇರಬೇಕು. ಸೊನ್ನೆ ತೋರಿಸಿದರೆ ಅರ್ತ್‌ಗೆ ತಾಗಿದೆ, 12ರ ಹತ್ತಿರ ತೋರಿಸಿದರೆ ಬ್ಯಾಟರಿ ಲೈನ್‌ಗೆ ತಾಗಿದೆ.

ಎಚ್ಚರಿಕೆ: ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್ ಮುಟ್ಟಬೇಡಿ. ಅದು ತಿಳಿದವರ ಕೆಲಸ.

ನಮ್ಮೂರಿನ ಉದಾಹರಣೆ

ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಪಿಲೆಯ ದಡದ ತಗ್ಗು ಜಾಗಗಳಿಗೆ ನೀರು ನುಗ್ಗುವುದು ನಂಜನಗೂಡಿನವರಿಗೆ ಹೊಸದಲ್ಲ. ನೀರು ಇಳಿದರೂ ಕಾರಿನ ಕಾರ್ಪೆಟ್ ಕೆಳಗೆ ತೇವ ಉಳಿಯುತ್ತದೆ. ಹಾಗೆ ನೀರಲ್ಲಿ ನಿಂತಿದ್ದ ಒಂದು ಬಾಡಿಗೆ ಕಾರು ಮಾಮು ಬಳಿಗೆ ಬಂತು. ಡ್ಯಾಶ್‌ಬೋರ್ಡ್‌ನಲ್ಲಿ ಎಬಿಎಸ್, ಸ್ಟಿಯರಿಂಗ್ ದೀಪಗಳು ಉರಿಯುತ್ತಿದ್ದವು. ಬೇರೆ ಕಡೆ ಮಾಡ್ಯೂಲನ್ನೇ ಬದಲಾಯಿಸಬೇಕು ಎಂದಿದ್ದರಂತೆ. ಡ್ರೈವರ್ ಅಣ್ಣನಿಗೆ ಕಾರಿನ ಕಂತು ಕಟ್ಟುವುದೇ ಕಷ್ಟವಾಗಿತ್ತು.

ಮಾಮು ಅಳೆದರು: 120. ಕಾರ್ಪೆಟ್ ಎತ್ತಿ ವೈರ್ ಜಾಡು ಹಿಡಿದು ಹೋದಾಗ ಒಂದು ಕನೆಕ್ಟರ್ ಒಳಗೆ ಹಸಿರು ಕಿಲುಬು, ಒಂದು ಪಿನ್ ತಿಂದುಹೋಗಿತ್ತು. ಪಿನ್ ಬದಲಾಯಿಸಿ, ಒಣಗಿಸಿ ಮತ್ತೆ ಅಳೆದಾಗ 60. ಹಳೆಯ ಕೋಡ್ ಅಳಿಸಿದ ಮೇಲೆ ದೀಪಗಳೂ ಆರಿದವು. ಮಾಡ್ಯೂಲ್ ಚೆನ್ನಾಗಿಯೇ ಇತ್ತು.

ಲೆಕ್ಕದ ಮಾತು

ಆ ದಿನದ ಬಿಲ್‌ನಲ್ಲಿ ಪಿನ್‌ನ ಬೆಲೆ ತೀರಾ ಕಡಿಮೆ, ಕೂಲಿಯೇ ಹೆಚ್ಚು. ಗಿರಾಕಿಗಳು ಕೈಯಲ್ಲಿ ಹಿಡಿಯಬಹುದಾದ ಪಾರ್ಟ್‌ಗೆ ಬೇಗ ಹಣ ಕೊಡುತ್ತಾರೆ, ಎರಡು ಗಂಟೆಯ ಹುಡುಕಾಟಕ್ಕೆ ಚೌಕಾಸಿ ಮಾಡುತ್ತಾರೆ. ಆದರೆ ಅವರ ಹಣ ಉಳಿಸಿದ್ದು ಆ ಹುಡುಕಾಟವೇ. ಪರೀಕ್ಷೆಗೆ ಸಂಬಳ ಸಿಗದಿದ್ದರೆ ಮೆಕ್ಯಾನಿಕ್ ಕೂಡ ಊಹೆಯ ಮೇಲೆ ಪಾರ್ಟ್ ಬದಲಾಯಿಸುವ ದಾರಿ ಹಿಡಿಯುತ್ತಾನೆ.

ಆದ್ದರಿಂದ ನಿಮ್ಮ ಮನೆಯ ಗಾಡಿಗೆ ಯಾರಾದರೂ ದೊಡ್ಡ ಪಾರ್ಟ್ ಹೇಳಿದರೆ ಮರ್ಯಾದೆಯಿಂದಲೇ ಮೂರು ಪ್ರಶ್ನೆ ಕೇಳಿ: ಯಾವ ಮಾಡ್ಯೂಲ್ ಉತ್ತರಿಸುತ್ತಿಲ್ಲ? 6 ಮತ್ತು 14ರ ನಡುವೆ ಎಷ್ಟು ಓಮ್ ಬಂತು? ಕನೆಕ್ಟರ್ ಬಿಚ್ಚಿ ನೋಡಿದಿರಾ? ಉತ್ತರ ಕೊಟ್ಟವರಿಗೆ ಅವರ ಕೂಲಿಯನ್ನು ಸಂತೋಷದಿಂದ ಕೊಡಿ.