ಆರನೆಯ ವರ್ಷದ ದವಡೆ ಹಲ್ಲು: ದಂತಕ್ಷಯದ ಅರಿವು, ತಡೆ ಮತ್ತು ಚಿಕಿತ್ಸೆ



ಮಗುವಿಗೆ ಸುಮಾರು 6 ವರ್ಷ ತುಂಬುವ ಹೊತ್ತಿಗೆ, ಕೊನೆಯ ಹಾಲುಹಲ್ಲುಗಳ ಹಿಂದೆ, ಮೇಲೆರಡು ಕೆಳಗೆರಡು ದವಡೆ ಹಲ್ಲುಗಳು ಮೂಡುತ್ತವೆ. ಇವು ಮೂಡಲು ಯಾವ ಹಾಲುಹಲ್ಲೂ ಬೀಳಬೇಕಿಲ್ಲವಾದ್ದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹುಳುಕು ಕಂಡರೂ ‘ಹಾಲುಹಲ್ಲು ತಾನೆ, ಬಿದ್ದು ಹೊಸದು ಬರುತ್ತದೆ’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಇವು ಶಾಶ್ವತ ಹಲ್ಲುಗಳು. ಒಮ್ಮೆ ಕಿತ್ತರೆ ಆ ಸ್ಥಾನದಲ್ಲಿ ಮತ್ತೊಂದು ಹುಟ್ಟದು.

ಹಲ್ಲನ್ನು ಹುಳು ತಿನ್ನುತ್ತದೆಂಬ ನಂಬಿಕೆ ಹಳೆಯದು. ನೆಲಗುಳ್ಳದ ಬೀಜದ ಹೊಗೆ ಕೊಟ್ಟು ಹುಳು ಉದುರಿಸುವವರನ್ನು ತಮ್ಮಲ್ಲಿ ಹಲವರು ಕಂಡಿರಬಹುದು. ಅಲ್ಲಿ ಹುಳುವಿಲ್ಲ. ಹಲ್ಲಿಗೆ ಅಂಟಿದ ಪದರದಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲ ಹಲ್ಲಿನ ಹೊರಗವಚದ ಕ್ಯಾಲ್ಸಿಯಂ ಮತ್ತು ರಂಜಕವನ್ನು ಕರಗಿಸುತ್ತದೆ. ಪ್ರತಿ ಬಾರಿ ಸಿಹಿ ತಿಂದ ಮೇಲೆ ಜೊಲ್ಲು ಈ ಆಮ್ಲವನ್ನು ಶಮನಗೊಳಿಸಲು ಅರ್ಧದಿಂದ ಒಂದು ಗಂಟೆ ಹಿಡಿಯುತ್ತದೆ. ಆದ್ದರಿಂದ ಎಷ್ಟು ಸಿಹಿ ತಿಂದರೆಂಬುದಕ್ಕಿಂತ ದಿನಕ್ಕೆ ಎಷ್ಟು ಬಾರಿ ತಿಂದರೆಂಬುದು ಮುಖ್ಯ. ಊಟದೊಡನೆ ತಿಂದ ಹೋಳಿಗೆಗಿಂತ, ಸಂಜೆಯವರೆಗೆ ಬಿಟ್ಟು ಬಿಟ್ಟು ಮೆಲ್ಲುವ ಬಿಸ್ಕತ್ತು, ನಿದ್ದೆಯಲ್ಲಿ ಬಾಯಲ್ಲೇ ಉಳಿಯುವ ಸಿಹಿಹಾಲಿನ ಬಾಟಲಿ ಹೆಚ್ಚು ಕೆಡುಕು.

ದಿನಕ್ಕೆರಡು ಬಾರಿ, ಅದರಲ್ಲೂ ರಾತ್ರಿ ಮಲಗುವ ಮುನ್ನ, ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿಸಬೇಕು. 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ನುಂಗದೆ ಉಗುಳಲು ಕಲಿಸಬೇಕು. ಹಲ್ಲು ತಿಕ್ಕಲು ತಂಬಾಕಿನ ಪುಡಿ ಸಲ್ಲದು.

ಸುಣ್ಣದಂತಹ ಬಿಳಿ ಮಚ್ಚೆಯ ಹಂತದಲ್ಲಿ ಫ್ಲೋರೈಡ್ ಲೇಪನದಿಂದ ಕ್ಷಯವನ್ನು ತಡೆಹಿಡಿಯಬಹುದು. ಕುಳಿ ಬಿದ್ದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳದು, ತುಂಬಿಸಲೇಬೇಕು. ಕ್ಷಯ ನರಕ್ಕೆ ತಲುಪಿದರೆ ಬೇರುನಾಳದ ಚಿಕಿತ್ಸೆ ಇಲ್ಲವೇ ಕೀಳುವುದು ಉಳಿಯುತ್ತದೆ. ಲವಂಗದ ಎಣ್ಣೆ, ನೋವಿನ ಮಾತ್ರೆಗಳು ನೋವನ್ನಷ್ಟೇ ಮರೆಸುತ್ತವೆ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಒಯ್ಯತಕ್ಕದ್ದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಮ್ಮೆ ಭೇಟಿ ನೀಡುತ್ತದೆ. ದಂತಕ್ಷಯವೂ ಅದರ ತಪಾಸಣೆಯಲ್ಲಿ ಸೇರಿದೆ. ತೊಡಕಿರುವುದು ತಪಾಸಣೆಯ ನಂತರ. ಒಂದು ದಿನದ ಕೂಲಿ, ಬಸ್ಸಿನ ಖರ್ಚು ಎರಡನ್ನೂ ಲೆಕ್ಕ ಹಾಕುವ ತಾಯಿ, ಮಗುವಿಗೆ ನೋವಿಲ್ಲದಿರುವಾಗ ಚೀಟಿಯನ್ನು ಗೂಡಿನಲ್ಲಿ ಇಡುತ್ತಾಳೆ. ಇದನ್ನು ಅಸಡ್ಡೆ ಎನ್ನಲಾಗದು. ಆಸ್ಪತ್ರೆಗೆ ಸೂಚಿತರಾದ ಮಕ್ಕಳ ಪಟ್ಟಿಯನ್ನು ಆಶಾ ಕಾರ್ಯಕರ್ತೆ ಮತ್ತು ಮುಖ್ಯೋಪಾಧ್ಯಾಯರಿಂದ ಪಡೆದು, ದಂತ ವೈದ್ಯರು ಲಭ್ಯವಿರುವ ದಿನವನ್ನು ಮೊದಲೇ ವಿಚಾರಿಸಿ, ಎಲ್ಲರನ್ನೂ ಒಂದೇ ವಾಹನದಲ್ಲಿ ಕಳುಹಿಸುವ ಏರ್ಪಾಡನ್ನು ಸದಸ್ಯರು ಮಾಡಬಹುದು. ಹೋಗಿಬಂದವರು ಯಾರು, ಉಳಿದವರು ಯಾರು ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಕೇಳಬೇಕು.

ಹಲ್ಲಿನ ಮೇಲಿನ ಕಲೆಗಳೆಲ್ಲವೂ ಹುಳುಕಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಮೊದಲಾದೆಡೆ ಕೊಳವೆಬಾವಿ ನೀರಿನ ಅತಿಯಾದ ಫ್ಲೋರೈಡಿನಿಂದ ಹಲ್ಲುಗಳಲ್ಲಿ ಕಂದು ಪಟ್ಟೆ ಮೂಡುತ್ತದೆ. ಉಜ್ಜಿದರೆ ಅದು ಹೋಗದು. ಲೀಟರಿಗೆ 1 ಮಿಲಿಗ್ರಾಂ ಮಿತಿ. ಬೇರೆ ಮೂಲವಿಲ್ಲದೆಡೆ 1.5ರವರೆಗೆ ಮಾತ್ರ. ಒಂದೇ ಬಡಾವಣೆಯ ಅನೇಕ ಮಕ್ಕಳಲ್ಲಿ ಇಂತಹ ಪಟ್ಟೆ ಕಂಡುಬಂದಲ್ಲಿ ಆ ಕೊಳವೆಬಾವಿಯ ನೀರನ್ನು ಕೂಡಲೇ ಪರೀಕ್ಷೆಗೆ ಕಳುಹಿಸತಕ್ಕದ್ದು.