ಪಾವಿನ ದೂರದ ನಂಟ: ಪಾಂದೆಸಾಲ್

ಡೊಂಬಿವಲಿ ಎಂಐಡಿಸಿಯ ವಸತಿ ವಿಭಾಗದಲ್ಲಿ ಬೆಳೆದ ಮಕ್ಕಳಿಗೆ ಪಾವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಆ ಹೆಸರು ಮರಾಠಿಯಲ್ಲಿ ಹುಟ್ಟಿದುದಲ್ಲವೆಂಬುದು ಎಲ್ಲರಿಗೂ ತಿಳಿದಿರಲಾರದು. ಪೋರ್ತುಗೀಜರ ಭಾಷೆಯಲ್ಲಿ ರೊಟ್ಟಿಗಿರುವ ಹೆಸರೇ ನಮ್ಮಲ್ಲಿ 'ಪಾವ್' ಆಯಿತು. ಅವರು ಗೋವೆಯಲ್ಲಿ ನೆಲೆಯೂರಿದಾಗ ಈಸ್ಟ್ ಸಿಗದೆ, ತೆಂಗಿನ ಕಳ್ಳಿನಿಂದ ಹಿಟ್ಟನ್ನು ಹುದುಗಿಸುವ ರೂಢಿ ಬೆಳೆಯಿತು. ಮಂಗಳೂರಿನ ಕಡೆಯ ಸಣ್ಣಗಳಿಗೂ ಕಳ್ಳು ಹಾಕುವುದುಂಟು.

ಅದೇ ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಫಿಲಿಪೈನ್ಸ್ ದ್ವೀಪಗಳನ್ನು ವಶಪಡಿಸಿಕೊಂಡರು. ಅವರ ಆಳಿಕೆಯಲ್ಲಿ ಅಲ್ಲಿ ಬೇರೂರಿದ ರೊಟ್ಟಿಯೇ ಪಾಂದೆಸಾಲ್. 'ಪಾನ್ ದೆ ಸಾಲ್' ಎಂದರೆ ಉಪ್ಪಿನ ರೊಟ್ಟಿ. ಹೆಸರು ಉಪ್ಪಿನದು, ರುಚಿಯಾದರೋ ಈಗ ತುಸು ಸಿಹಿ! ಫಿಲಿಪೈನ್ಸಿನವರೂ ನಮ್ಮ ಕರಾವಳಿಯವರಂತೆ ಅನ್ನವನ್ನುಣ್ಣುವ ಜನ. ಗೋಧಿ ಅವರಿಗೆ ಹಡಗಿನಲ್ಲಿ ಬರಬೇಕು. ಗೋಧಿಯ ಬೆಲೆ ಏರಿದಾಗ ಬೇಕರಿಯವರು ದರವನ್ನೇರಿಸಲು ಹಿಂಜರಿದು ರೊಟ್ಟಿಯನ್ನೇ ಚಿಕ್ಕದು ಮಾಡುವರು. ಬಡವನ ಬೆಳಗಿನ ಉಪಾಹಾರ ಹೀಗೆ ಕಣ್ಣೆದುರೇ ಕುಗ್ಗುತ್ತದೆ.

ರೊಟ್ಟಿ ಉಬ್ಬುವುದು ಹೇಗೆ? ಈಸ್ಟ್ ಎಂಬುದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜೀವಿ. ಅದು ಸಕ್ಕರೆಯನ್ನು ತಿಂದು ಇಂಗಾಲಾಮ್ಲ ವಾಯುವನ್ನು ಹೊರಬಿಡುತ್ತದೆ. ಹುದುಗುವುದು ಜೀವಿಗಳ ಕಾರ್ಯವೆಂದು ಲೂಯಿ ಪಾಸ್ಚರನು 1857ರಿಂದ ಮುಂದಿನ ವರ್ಷಗಳಲ್ಲಿ ಪ್ರಯೋಗಗಳಿಂದ ತೋರಿಸಿದನು. ಆದರೆ ವಾಯು ಹುಟ್ಟಿದರೆ ಸಾಲದು, ಅದನ್ನು ಹಿಡಿದಿಡುವ ಚೀಲವೂ ಬೇಕು. ಇಡ್ಲಿಯ ಹಿಟ್ಟಿನಲ್ಲಿ ಉದ್ದಿನ ಲೋಳೆ ಆ ಕೆಲಸವನ್ನು ಮಾಡುತ್ತದೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಮಾಡುತ್ತದೆ. ಜೋಳದಲ್ಲಿ ಈ ಅಂಟಿಲ್ಲ. ಆದುದರಿಂದ ಎಷ್ಟು ಈಸ್ಟ್ ಬೆರೆಸಿದರೂ ಜೋಳದ ಹಿಟ್ಟು ಪಾವಿನಂತೆ ಉಬ್ಬದು. ಮೈದಾ ಕಣಕದ ಒಂದು ಉಂಡೆಯನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದು ನೋಡಿರಿ. ಬಿಳಿಯ ಪಿಷ್ಟವೆಲ್ಲ ಹೋಗಿ, ರಬ್ಬರಿನಂತೆ ಹಿಗ್ಗುವ ಮುದ್ದೆಯೊಂದು ಕೈಯಲ್ಲಿ ಉಳಿಯುವುದು. ಅದೇ ಗ್ಲುಟೆನ್. ಉಪ್ಪು ಅದಕ್ಕೆ ಬಿಗಿ ಕೊಡುತ್ತದೆ, ಈಸ್ಟಿನ ಅವಸರವನ್ನೂ ತಡೆಯುತ್ತದೆ.

ಇನ್ನು ಮಾಡುವ ಕ್ರಮ. ಒಲೆಯ ಕೆಲಸಕ್ಕೆ ಹಿರಿಯರು ಜೊತೆಗಿರಲಿ. ಅರ್ಧ ಕಿಲೋ ಮೈದಾಕ್ಕೆ 60 ಗ್ರಾಂ ಸಕ್ಕರೆ, ಒಂದೂವರೆ ಚಹಾ ಚಮಚ ಉಪ್ಪು, 7 ಗ್ರಾಂ ಒಣ ಈಸ್ಟ್, ಮೂರು ದೊಡ್ಡ ಚಮಚ ಎಣ್ಣೆ, 300 ಮಿಲಿಲೀಟರಿನಷ್ಟು ಉಗುರುಬೆಚ್ಚಗಿನ ಹಾಲು. ಹಾಲು ಬೆರಳಿಗೆ ಸುಖವೆನಿಸಬೇಕು. ಕುದಿಬಿಸಿಯಾದರೆ ಈಸ್ಟ್ ಸಾಯುವುದು. ಮಳೆಗಾಲದಲ್ಲಿ ಹಿಟ್ಟೇ ತೇವವನ್ನು ಹೀರಿರುವುದರಿಂದ ಹಾಲನ್ನು ತುಸು ಕಡಿಮೆ ಮಾಡಿರಿ. ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದಿ, ಒದ್ದೆಬಟ್ಟೆ ಮುಚ್ಚಿ, ಎರಡರಷ್ಟಾಗುವವರೆಗೆ ಬಿಡಿರಿ. ಬೇಸಗೆಯಲ್ಲಿ ಒಂದು ಗಂಟೆ ಸಾಕು. ಜನವರಿಯ ಚಳಿಗೆ ಹೆಚ್ಚು ಹೊತ್ತು ಬೇಕಾದೀತು. ಗಡಿಯಾರಕ್ಕಿಂತ ಹಿಟ್ಟನ್ನು ನಂಬುವುದು ಲೇಸು.

ಬಳಿಕ ಕಣಕವನ್ನು ದಪ್ಪ ಕೋಲಿನಂತೆ ಹೊಸೆದು, 16 ತುಂಡು ಮಾಡಿ, ಒಣರೊಟ್ಟಿಯ ಪುಡಿಯಲ್ಲಿ ಹೊರಳಿಸಿರಿ. ಪಾವಿಗಿಲ್ಲದ ಈ ಪುಡಿಯ ಹೊದಿಕೆಯೇ ಪಾಂದೆಸಾಲಿನ ಗುರುತು. ಅರ್ಧ ಗಂಟೆ ಮತ್ತೆ ಉಬ್ಬಲು ಬಿಟ್ಟು, 180 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 15ರಿಂದ 18 ನಿಮಿಷ ಬೇಯಿಸಿರಿ. ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರವಿ, ಮುಚ್ಚಿ ಕಾಯಿಸಿ, ರೊಟ್ಟಿಯ ತಟ್ಟೆಯನ್ನು ಒಂದು ಕುಕ್ಕಿಯ ಮೇಲಿಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಬಹುದು. ತಳ ಕೆಂಪಾಗುವುದು; ಮೇಲೆ ಮಾತ್ರ ಬಣ್ಣ ಕಡಿಮೆ.

ಫಿಲಿಪೈನ್ಸಿನಲ್ಲಿ ಪಾಂದೆಸಾಲನ್ನು ಹಿಂದೆ 'ಪುಗೋನ್' ಎಂಬ ಸೌದೆಯ ಒಲೆಯಲ್ಲಿ ಸುಡುತ್ತಿದ್ದರು. ಕೆಲವೆಡೆ ಈಗಲೂ ಉಂಟು. ಮುಂಬಯಿಯ ಪಾವಿನ ಭಟ್ಟಿಗಳೂ ಅಂಥವೇ. ಗಾಳಿ ಕೆಡುತ್ತಿರುವುದರಿಂದ ಸೌದೆ, ಕಲ್ಲಿದ್ದಲುಗಳ ಬೇಕರಿಗಳು ಆರು ತಿಂಗಳೊಳಗೆ ಅನಿಲ ಮುಂತಾದ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಆದೇಶಿಸಿತು. ಹೊಗೆಯೂ ನಿಜ, ಹೊಸ ಒಲೆಯ ವೆಚ್ಚಕ್ಕೆ ಅಂಜುವ ಸಣ್ಣ ಬೇಕರಿಯವನ ಚಿಂತೆಯೂ ನಿಜ.

ಬಿಸಿ ಪಾಂದೆಸಾಲನ್ನು ಅವರು ಕಾಫಿಯಲ್ಲಿ ಅದ್ದಿ ತಿನ್ನುವರು. ಮರುದಿನಕ್ಕೆ ಉಳಿದರೆ ಒಣಗಿಸಿ ಪುಡಿ ಮಾಡಿಡಿರಿ. ಮುಂದಿನ ಸಲ ಹೊರಳಿಸಲು ಅದೇ ಸಾಕು.